ದ್ವೀಪದ ಚೆಕ್ಕುಬಂದಿ

ಕಳೆದ ತಿಂಗಳು ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ ನಮ್ಮವರೊಬ್ಬರ ಯೂನಿಟ್ಟಿನ, ಅಂದರೆ ಫ್ಲ್ಯಾಟಿನ, ಗೃಹಪ್ರವೇಶಕ್ಕೆ ಹೋಗಿದ್ದೆವು. ಊರಿನಿಂದ ಬೆರಣಿ ತರಲು ಏರ್‌ಪೋರ್ಟಿನವರು ಬಿಡುವುದಿಲ್ಲವಾದ್ದರಿಂದ ಮನೆಯ ಯಜಮಾನರು ಯಾವುದೋ ಫಾರ್ಮಿಗೆ ಹೋಗಿ ಸಗಣಿ ಬೇಡಿ ತಂದು, ಬಾಲ್ಕನಿಯಲ್ಲಿ ತಾವೇ ತಟ್ಟಿದ್ದರು. ಅದು ಪೂರ್ತಿ ಒಣಗಿರಲಿಲ್ಲ. ಹೋಮಕುಂಡದಲ್ಲಿ ಉರಿಯುವ ಬದಲು ಹೊಗೆಯಾಡಿತು, ಸ್ಮೋಕ್ ಅಲಾರ್ಮ್ ಕಿರುಚಿತು, ಪುರೋಹಿತರು ಮಂತ್ರ ನಿಲ್ಲಿಸಿ ಸ್ಟೂಲು ಹತ್ತಿ ಅದರ ಬ್ಯಾಟರಿ ಕಿತ್ತರು. ಎಲ್ಲರೂ ನಕ್ಕರು. ನಾನೂ ನಗುತ್ತಿದ್ದೆ. ಹೊಗೆ ಮೂಗಿಗೆ ಬಡಿದದ್ದೇ ತಡ, ಎದ್ದು ಬಾಲ್ಕನಿಗೆ ಹೋಗಿ ಕಂಬಿ ಹಿಡಿದು ನಿಂತುಬಿಟ್ಟೆ.

ಒದ್ದೆ ಬೆರಣಿಯ ಹೊಗೆಗೂ ಐರ್ಲೆಂಡಿನ ಟರ್ಫ್ ಹೊಗೆಗೂ ಅಕ್ಕತಂಗಿಯರ ಹೋಲಿಕೆಯಿದೆ. ಟರ್ಫ್ ಎಂದರೆ ಜೌಗು ನೆಲದಿಂದ ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿದ ಕಪ್ಪು ಮಣ್ಣು. ಅಲ್ಲಿಯವರಿಗೆ ಅದೇ ಸೌದೆ. ನಾನು ಐರ್ಲೆಂಡ್ ನೋಡಿದವಳಲ್ಲ. ಆದರೆ ಅದರ ಪಶ್ಚಿಮದ ಕಡಲಿನಲ್ಲಿರುವ ಒಂದು ಚಿಕ್ಕ ದ್ವೀಪದ ಒಂದೊಂದು ಹೊಲವನ್ನೂ, ಬಾವಿಯನ್ನೂ, ದೋಣಿ ಕಟ್ಟುವ ಕಲ್ಲನ್ನೂ ಇವತ್ತಿಗೂ ಕಣ್ಣು ಮುಚ್ಚಿ ಬರೆಯಬಲ್ಲೆ. ತೊಂಬತ್ತೊಂದರ ಜೂನ್-ಆಗಸ್ಟಿನ ಚಳಿಗಾಲದಲ್ಲಿ, ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ಕೂತು ಕಲಿತದ್ದು. ಆ ಚಳಿಗಾಲವನ್ನು ನಾನು ದಾಟಿದ್ದೇ ಆ ದ್ವೀಪದ ದೆಸೆಯಿಂದ.

ಆ ವರ್ಷ ಏಪ್ರಿಲ್‌ನಲ್ಲಿ ನಮಗೆ ಹೆಣ್ಣುಮಗುವಾಗಿತ್ತು. ಎಂಟು ತಿಂಗಳು ತುಂಬಿತ್ತು, ಹುಟ್ಟುವಾಗ ಉಸಿರಿರಲಿಲ್ಲ. ಹಿಂದಿನ ದಿನವೇ ಡಾಕ್ಟರು ಎದೆಬಡಿತ ಸಿಗುತ್ತಿಲ್ಲ ಎಂದಿದ್ದರು. ಮೈಸೂರಿನಿಂದ ಅತ್ತೆ ಫೋನಿನಲ್ಲಿ ಬುದ್ಧಿ ಹೇಳಿದ್ದರು.

“ನೋಡಕ್ ಹೋಗ್ಬೇಡ ಕಣಮ್ಮಾ. ನೋಡಿದ್ರೆ ಮರೆಯಕ್ಕಾಗಲ್ಲ. ಹೆಸರೂ ಇಡ್ಬೇಡಿ. ಹಲ್ಲು ಬರದಿರೋ ಕೂಸಿಗೆ ಕರ್ಮಾನೂ ಇಲ್ಲ, ತಿಥೀನೂ ಇಲ್ಲ. ಗಂಡಸರು ಮಣ್ಣು ಮಾಡ್ತಾರೆ, ಅಷ್ಟೆ.”

ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, ಎತ್ತಿಕೊಳ್ಳುತ್ತೀಯಾ ಎಂದು ಮೆಲ್ಲಗೆ ಕೇಳಿದಳು. ನಾನು ಗೋಡೆಯ ಕಡೆ ತಿರುಗಿದೆ. ಮಣ್ಣು ಮಾಡುವ ಕೆಲಸ ನೀವೇ ನೋಡಿಕೊಳ್ಳುತ್ತೀರೋ, ನಾವು ನೋಡಿಕೊಳ್ಳಬೇಕೋ ಎಂದು ಒಂದು ಕಾಗದ ಕೊಟ್ಟರು. ನನ್ನ ಗಂಡ ಶ್ರೀಧರ್ ಓದದೆ ಸಹಿ ಹಾಕಿ ಆಸ್ಪತ್ರೆಗೇ ಒಪ್ಪಿಸಿದರು. ಅವರನ್ನು ಬೈದು ಪ್ರಯೋಜನವಿಲ್ಲ. ಅವರ ಮನೆಯಲ್ಲೂ ಹಿಂದೆ ಹೀಗೊಂದು ಕೂಸು ಹೋದಾಗ ಚಿಕ್ಕಪ್ಪ ಒಯ್ದು ಹಿತ್ತಿಲ ಮೂಲೆಯ ನುಗ್ಗೆಮರದ ಬುಡದಲ್ಲಿ ಇಟ್ಟು ಬಂದಿದ್ದರಂತೆ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಆದರೆ ಆ ಮೂಲೆಯನ್ನು ಯಾರೂ ಅಗೆಯಲೂ ಇಲ್ಲ. ಬಾಯಿಬಿಟ್ಟು ಹೇಳದಿದ್ದರೂ ಮನೆಯವರಿಗೆಲ್ಲ ಗೊತ್ತಿತ್ತು. ಇಲ್ಲೂ ಹಾಗೇ ಯಾರಿಗಾದರೂ ಗೊತ್ತಿರುತ್ತದೆ ಎಂದು ನಾವಿಬ್ಬರೂ ನಂಬಿಕೊಂಡೆವು. ಇಲ್ಲಿ ನಮಗೆ ಚಿಕ್ಕಪ್ಪ ಯಾರಿದ್ದರು? ನಮ್ಮ ಮಗು ಎಲ್ಲಿದೆ ಎಂದು ನಮ್ಮವರೆನ್ನುವ ಒಬ್ಬರಿಗೂ ಗೊತ್ತಿಲ್ಲ ಎನ್ನುವುದು ಹೊಳೆಯುವ ಹೊತ್ತಿಗೆ ತಿಂಗಳು ಕಳೆದಿತ್ತು. ಆಗ ಕೇಳಲು ನಾಚಿಕೆ, ಭಯ. ಹೆತ್ತವರಾಗಿ ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರೆ?

ಮೇ ತಿಂಗಳಲ್ಲಿ ಶ್ರೀಧರರ ಕಾಂಟ್ರಾಕ್ಟ್ ಮುಗಿಯಿತು. ರಿಸೆಷನ್ ಬಂದು ಕೂತಿತ್ತು. ಇದ್ದವರನ್ನೇ ಮನೆಗೆ ಕಳಿಸುತ್ತಿದ್ದ ಕಾಲ. ಅವರು ಸರ್ಟಿಫಿಕೇಟುಗಳ ನೀಲಿ ಫೈಲು ಹಿಡಿದು ಇಂಟರ್‌ವ್ಯೂಗೆ ಹೋಗುವುದು, ‘ಲೋಕಲ್ ಎಕ್ಸ್‌ಪೀರಿಯೆನ್ಸ್’ ಇಲ್ಲ ಎನ್ನಿಸಿಕೊಂಡು ಬರುವುದು. ಮನೆಗೆ ಬಂದರೆ ಟಿವಿ ಹಾಕದೆ ಟಿವಿಯ ಮುಂದೆ ಕೂರುವರು. ಮಾತಿಲ್ಲ. ಹೀಟರ್ ಹಾಕಲು ಹೆದರಿ ಇಬ್ಬರೂ ಶಾಲು ಹೊದ್ದು ಎರಡು ಮೂಲೆ ಹಿಡಿಯುತ್ತಿದ್ದೆವು. ಆಗ ಕ್ಲೇಟನ್ ಸ್ಟೇಷನ್ನಿನಲ್ಲಿ ರೈಲು ಬರುವಾಗ ನಾನು ಹಳದಿ ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ, ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದೆ. ನನ್ನ ಮೇಲೆ ನನಗೆ ನಂಬಿಕೆ ಹೋಗಿತ್ತು.

ಒಬ್ಬರಾದರೂ ದುಡಿಯಬೇಕಲ್ಲ, ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಊರಿನಲ್ಲಿ ನಾನು ಸರ್ವೆ ಕಚೇರಿಯಲ್ಲಿ ಆರು ವರ್ಷ ನಕ್ಷೆ ಬರೆದವಳು. ಇಲ್ಲಿ ಹಾಸಿಗೆ ಬದಲಾಯಿಸುವುದು, ಗಂಜಿ ತಿನ್ನಿಸುವುದು. ಅಲ್ಲಿ ನನ್ನ ಮೇಲಿನವರು ಹಿಲ್ಡಾ ಆಂಟಿ. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಐವತ್ತೈದು ದಾಟಿದವರು. ಮೊದಲನೇ ದಿನವೇ ನನ್ನ ರವಿಕೆಯ ಮೇಲಿನ ಒದ್ದೆ ಕಲೆ ನೋಡಿ, ಏನೂ ಕೇಳದೆ ತಮ್ಮ ಕಾರ್ಡಿಗನ್ ಕಳಚಿ ನನಗೆ ಹೊದಿಸಿದ್ದರು. ಮಗುವಿಲ್ಲದಿದ್ದರೂ ಹಾಲು ಇನ್ನೂ ನಿಂತಿರಲಿಲ್ಲ.

ಏಳನೇ ರೂಮಿನಲ್ಲಿ ಕೋಲ್ಮನ್ ಇದ್ದರು. ಎಂಬತ್ತೆರಡು ವಯಸ್ಸು, ದೋಣಿಯ ಹುಟ್ಟಿನಷ್ಟು ಉದ್ದದ ಕೈಗಳು. ಅದು ಮನೆತನದ ಹೆಸರಲ್ಲ, ಇಟ್ಟ ಹೆಸರು, ಹಾಗೇ ಕರೆ ಎಂದು ಅವರೇ ಹೇಳಿದರೂ ನನ್ನ ನಾಲಿಗೆ ಬಗ್ಗದೆ ‘ಮಿಸ್ಟರ್ ಕೋಲ್ಮನ್’ ಎನ್ನುತ್ತಿದ್ದೆ. ಹುಟ್ಟಿದ್ದು ನಾನು ಹೇಳಿದ ಆ ದ್ವೀಪದಲ್ಲಿ. ಅದಕ್ಕೊಂದು ಹೆಸರಿತ್ತು, ಅವರು ಮಾತ್ರ ‘ದ ಐಲೆಂಡ್’ ಎನ್ನುತ್ತಿದ್ದರು, ಜಗತ್ತಿನಲ್ಲಿ ಬೇರೆ ದ್ವೀಪವೇ ಇಲ್ಲವೆಂಬಂತೆ. ದ್ವೀಪ ಖಾಲಿಯಾದ ಮೇಲೆ ಹೆಂಡತಿ ನೋರಾಳೊಂದಿಗೆ ಹಡಗು ಹತ್ತಿ ಬಂದು ಮೆಲ್ಬರ್ನಿನ ರೈಲ್ವೆಯಲ್ಲಿ ದುಡಿದವರು. ನೋರಾ ತೀರಿಹೋಗಿ ಮೂರು ವರ್ಷ. ಇಲ್ಲಿ ಬಂದ ಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಮರೆವು ಶುರುವಾಗಿತ್ತು. ಬೆಳಗಿನ ತಿಂಡಿ ತಿಂದದ್ದು ನೆನಪಿರುತ್ತಿರಲಿಲ್ಲ.

ಒಂದು ದಿನ ಊಟದ ಟ್ರೇಗೆ ಹಾಸಿದ ಕಾಗದದ ಮೇಲೆ ಅವರು ಪೆನ್ಸಿಲಿನಿಂದ ಏನೋ ಗೀಚುತ್ತಿದ್ದರು.

“ಏನಿದು?”

“ದ್ವೀಪ. ಪೂರ್ತಿ ಮರೆಯುವ ಮುಂಚೆ ಬರೆದಿಡಬೇಕು. ನಾನೇ ಕೊನೆಯವನು.”

ಅವರ ದ್ವೀಪ ಸೊಟ್ಟ ಬದನೆಕಾಯಿಯ ಹಾಗಿತ್ತು. ದಿಕ್ಕಿಲ್ಲ, ಅಳತೆಯಿಲ್ಲ. ಕಸುಬಿನವಳ ಕೈ ಸುಮ್ಮನಿರುತ್ತದೆಯೇ? “ಇದು ನಕ್ಷೆಯಲ್ಲ, ಕೋಳಿ ಕೆದರಿದ ತಿಪ್ಪೆ,” ಎಂದು ಪೆನ್ಸಿಲ್ ಕಿತ್ತುಕೊಂಡೆ. ಅವರಿಗೆ ಸಿಟ್ಟು ಬರಲಿಲ್ಲ. “ಹಾಗಾದರೆ ನೀನು ಬರೆ, ನಾನು ನಡೆಯುತ್ತೇನೆ,” ಎಂದರು.

ಮಾರನೇ ದಿನದಿಂದ ನನ್ನ ಶಿಫ್ಟ್ ಮುಗಿದ ಮೇಲೆ ಒಂದು ಗಂಟೆ ಅವರ ರೂಮಿನಲ್ಲಿ ಕೂತೆ. ಅವರು ಕುರ್ಚಿಯಲ್ಲಿ ಕೂತೇ ನಡೆಯುವರು, ನಾನು ಬರೆಯುವೆ. ದ್ವೀಪ ಒಂದೂವರೆ ಮೈಲಿ ಉದ್ದ, ಅರ್ಧ ಮೈಲಿ ಅಗಲ. ಪಶ್ಚಿಮಕ್ಕೆ ಎತ್ತರದ ಬಂಡೆ, ಅದರ ಬುಡಕ್ಕೆ ಅಟ್ಲಾಂಟಿಕ್. ಪೂರ್ವಕ್ಕೆ ತಗ್ಗು, ಅಲ್ಲಿ ಹನ್ನೊಂದು ಮನೆ, ದೋಣಿಕಟ್ಟೆ, ಎದುರಿಗೆ ಎರಡು ಮೈಲಿ ನೀರು, ಅದರಾಚೆ ದೊಡ್ಡ ನಾಡು. ಮರ ಒಂದೂ ಇಲ್ಲ. ಹನ್ನೆರಡನೇ ವಯಸ್ಸಿನಲ್ಲಿ ದಡಕ್ಕೆ ಹೋಗಿ ಮೊದಲ ಸಲ ಮರ ನೋಡಿದಾಗ, ಅದು ಗಾಳಿಗೆ ಅಲ್ಲಾಡಿದ್ದಕ್ಕೆ ಹೆದರಿ ಓಡಿದ್ದರಂತೆ. ಬೆಳೆಗೆ ಮಣ್ಣೂ ಇರಲಿಲ್ಲ. ಬೋಳು ಬಂಡೆಯ ಮೇಲೆ ಮರಳು, ಅದರ ಮೇಲೆ ಕಡಲಪಾಚಿ, ವರ್ಷವರ್ಷವೂ ಬೆನ್ನಮೇಲೆ ಬುಟ್ಟಿಯಲ್ಲಿ ಹೊತ್ತು ಸುರಿದು ಮಾಡಿದ ಹೊಲಗಳು. ಅದರಲ್ಲಿ ಆಲೂಗಡ್ಡೆ. ಹೊಲಕ್ಕೊಂದು ಹೆಸರು: ಕೋಳಿ ಹೊಲ, ವಿಧವೆಯ ಹೊಲ, ಜಗಳದ ಹೊಲ.

ಅವರು ಹೊಲ ಹೇಳುವ ರೀತಿ ನನಗೆ ಗೊತ್ತಿದ್ದದ್ದೇ. “ವಿಧವೆಯ ಹೊಲದ ಪೂರ್ವಕ್ಕೆ ನಮ್ಮ ಗೋಡೆ, ಪಶ್ಚಿಮಕ್ಕೆ ಬಾವಿಯ ದಾರಿ, ದಕ್ಷಿಣಕ್ಕೆ ಜಗಳದ ಹೊಲ, ಉತ್ತರಕ್ಕೆ ಕಡಲು.” ಇದು ನಮ್ಮ ಚೆಕ್ಕುಬಂದಿ! ಒಂದು ಜಮೀನಿನ ನಾಲ್ಕು ದಿಕ್ಕಿಗೂ ಯಾರಿದ್ದಾರೆ, ಏನಿದೆ ಎಂದು ಕ್ರಯಪತ್ರದಲ್ಲಿ ಬರೆಯುತ್ತಾರಲ್ಲ, ಅದೇ. ನಾಲ್ಕು ಕಡೆಯವರ ಹೆಸರಿದ್ದರೆ ನಡುವಿನದು ಎಲ್ಲಿಗೂ ಹೋಗುವುದಿಲ್ಲ ಎಂದು ನಮ್ಮ ಹೆಡ್ ಸರ್ವೇಯರ್ ಹೇಳುತ್ತಿದ್ದರು. ನಾನು ಕಾಗದದ ಅಂಚಿನಲ್ಲಿ ಕನ್ನಡದಲ್ಲೇ ಚೆಕ್ಕುಬಂದಿ ಬರೆಯತೊಡಗಿದೆ.

ಹೊಲಗಳ ಜೊತೆಗೆ ಚರಿತ್ರೆಯೂ ಬಂತು. ಮೊದಲು ಬಂದವನು ಒಬ್ಬ ಸನ್ಯಾಸಿ. ಕಲ್ಲಿನ ಮೇಲೆ ಕಲ್ಲಿಟ್ಟು ಜೇನುಗೂಡಿನಂಥ ಗುಡಿಸಲು ಕಟ್ಟಿ ಅಲ್ಲೇ ಸತ್ತ. ಆಮೇಲೆ ಜಮೀನ್ದಾರ, ವರ್ಷಕ್ಕೊಮ್ಮೆ ಗೇಣಿ ಎತ್ತಲು ಬರುವ ಅವನ ಏಜೆಂಟ್. ಆಲೂಗಡ್ಡೆ ಕೊಳೆತ ವರ್ಷಗಳಲ್ಲಿ ಜನ ಬಂಡೆಗಂಟಿದ ಚಿಪ್ಪುಮೀನು ಕೆರೆದು ತಿಂದರು. ಅದೂ ಮುಗಿದಾಗ ಹಡಗು ಹತ್ತಿದರು. ಕೋಲ್ಮನ್ನರ ಕಾಲಕ್ಕೆ ಉಳಿದದ್ದು ಹನ್ನೊಂದು ಮನೆ. ಶಾಲೆಯಲ್ಲಿ ನಾಲ್ಕು ಮಕ್ಕಳಾದಾಗ ಶಾಲೆ ಮುಚ್ಚಿದರು. ಚಳಿಗಾಲದಲ್ಲಿ ಮೂರು ಮೂರು ವಾರ ದೋಣಿ ಇಳಿಸಲು ಆಗುತ್ತಿರಲಿಲ್ಲ, ಡಾಕ್ಟರಿಲ್ಲ, ಪಾದ್ರಿಯಿಲ್ಲ. ಕೊನೆಗೆ ಸರಕಾರ ದೊಡ್ಡ ನಾಡಿನಲ್ಲಿ ಮನೆ ಕೊಟ್ಟು ಎಲ್ಲರನ್ನೂ ಇಳಿಸಿತು. ಹೊರಡುವ ದಿನ ಕೋಲ್ಮನ್ ಒಲೆಯ ಪಕ್ಕದಿಂದ ಒಂದು ಹೆಂಟೆ ಟರ್ಫ್ ಎತ್ತಿಕೊಂಡಿದ್ದರು. ಅದು ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೂ ಇತ್ತು. ಮಳೆಯಿಲ್ಲದ ಮಧ್ಯಾಹ್ನ ಅವರನ್ನು ತೋಟದ ಬೆಂಚಿಗೆ ಕರೆದೊಯ್ದರೆ ಒಂದು ಚಿಟಿಕೆ ಮುರಿದು ಸಾಸರಿನಲ್ಲಿ ಹಚ್ಚುವರು. ಹೊಗೆ ಕುಡಿದು ಅಂದು ಒಂದಿಷ್ಟು ಹೆಚ್ಚು ನಡೆಯುವರು.

ಅವರ ನಡಿಗೆಗೆ ಒಂದು ನೇಮವಿತ್ತು. ದೋಣಿಕಟ್ಟೆಯಿಂದ ಹೊರಟು ದಕ್ಷಿಣ, ಪಶ್ಚಿಮ, ಉತ್ತರ, ಮತ್ತೆ ಕಟ್ಟೆ. ಬಾವಿ ಸುತ್ತುವಾಗಲೂ, ದೋಣಿ ತಿರುಗಿಸುವಾಗಲೂ ಸೂರ್ಯನ ದಿಕ್ಕಿಗೇ ಸುತ್ತಬೇಕು, ಎದುರು ಸುತ್ತಿದರೆ ಕೇಡು ಎಂಬುದು ಅವರ ಕಡೆಯ ಪದ್ಧತಿ. ಪ್ರದಕ್ಷಿಣೆ ನನಗೆ ಹೊಸದೇ? ಆದರೂ ಒಮ್ಮೆ ಅವಸರಕ್ಕೆ ಕಟ್ಟೆಯಿಂದ ನೇರ ಉತ್ತರಕ್ಕೆ ಹೋಗೋಣ ಎಂದೆ. ಅವರಿಗೆ ಎಲ್ಲ ಕಲಸಿಹೋಗಿ, ಮಗುವಿನ ಹಾಗೆ ಕೈ ಕೈ ಹಿಸುಕಿದರು. ಮರೆವಿನವರಿಗೆ ದಾರಿಯೇ ನೆನಪು. ಮತ್ತೆ ಎಂದೂ ಅಪ್ರದಕ್ಷಿಣೆ ಮಾಡಿಸಲಿಲ್ಲ.

ಆದರೆ ಪ್ರತಿ ಸುತ್ತಿನಲ್ಲೂ ಒಂದು ಕಡೆ ಹಾರಿಬಿಡುತ್ತಿದ್ದರು. ಉತ್ತರದ ದಡದಲ್ಲಿ ಕೋಳಿ ಹೊಲವಾದ ಮೇಲೆ ಒಂದಿಷ್ಟು ಜಾಗ ಖಾಲಿ. ಕೇಳಿದರೆ “ಅಲ್ಲೇನಿಲ್ಲ, ಕಲ್ಲು” ಎಂದು ಕಟ್ಟೆಗೆ ಬಂದುಬಿಡುವರು. ನಕ್ಷೆಯಲ್ಲಿ ಬಿಳಿ ಬಿಡುವುದು ನಮ್ಮ ಕಸುಬಿಗೆ ಅವಮಾನ. ಉಳುಮೆಗೆ ಬಾರದ, ಕಂದಾಯವಿಲ್ಲದ ನೆಲಕ್ಕೆ ನಾವು ಖರಾಬು ಎನ್ನುತ್ತೇವೆ. ನಾನು ಆ ಜಾಗಕ್ಕೆ ಅಡ್ಡಗೆರೆ ಎಳೆದು, ಅವರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ‘ವೇಸ್ಟ್’ ಎಂದು ಬರೆದು ತೋರಿಸಿದೆ.

ಕೋಲ್ಮನ್ ನೋಡಿದರು. ಆಮೇಲೆ ಆ ಉದ್ದನೆಯ ಕೈಯಿಂದ ಟ್ರೇ ತಳ್ಳಿದರು. ಚಹಾ ನಕ್ಷೆಯ ಮೇಲೆ ಚೆಲ್ಲಿತು. ಗೋಡೆಯ ಕಡೆ ತಿರುಗಿ ಮಲಗಿದರು. ಆ ತಿರುಗುವಿಕೆ ನನಗೆ ಚೆನ್ನಾಗಿ ಗೊತ್ತಿತ್ತು.

ಹಿಲ್ಡಾ ಆಂಟಿ ಪ್ಯಾಂಟ್ರಿಯಲ್ಲಿ ನಕ್ಷೆಯನ್ನು ಟವೆಲಿನಿಂದ ಒತ್ತುತ್ತಾ ಹೇಳಿದರು. “ನೀನು ಹಾಗೆ ಬರೀಬಾರದಿತ್ತು ಮಾರಾಯ್ತಿ. ಅದು ಬ್ಯಾಪ್ಟಿಸಮ್ ಆಗದೆ ತೀರಿದ ಮಕ್ಕಳನ್ನು ಇಡುವ ಜಾಗ ಇರ್ಬೇಕು. ಅಂಥವನ್ನು ಇಗರ್ಜಿಯ ಮಣ್ಣಿಗೆ ಸೇರಿಸ್ತಿರ್ಲಿಲ್ಲ. ನಮ್ಮಲ್ಲಿಯೂ ಮೊದಲು ಹಾಗೇ ಇತ್ತು, ಕಾಂಪೌಂಡಿನ ಹೊರಗೆ. ಹೆಸರಿಲ್ಲ, ಶಿಲುಬೆ ಇಲ್ಲ. ಒಂದು ಕಲ್ಲು ಅಷ್ಟೇ.” ಸ್ವಲ್ಪ ತಡೆದು, “ನಿನ್ನದನ್ನು ಎಲ್ಲಿ ಇಟ್ಟದ್ದು ಮಗಾ?” ಎಂದರು.

ಸಿಂಕಿನ ನಲ್ಲಿ ಬಿಟ್ಟು ಅದರ ಸದ್ದಿನಲ್ಲಿ ಅತ್ತುಬಿಟ್ಟೆ. ಆ ಮೂರು ತಿಂಗಳಲ್ಲಿ ಅತ್ತದ್ದು ಅದೇ ಮೊದಲು.

ಎರಡು ದಿನ ಬಿಟ್ಟು ಹೋಗಿ ಕೋಲ್ಮನ್ನರ ಮುಂದೆ ಕೂತು ನನ್ನ ವಿಷಯ ಹೇಳಿದೆ. ಹುಟ್ಟಿದ್ದು, ನೋಡದೆ ಇದ್ದದ್ದು, ಜಾಗ ಗೊತ್ತಿಲ್ಲದ್ದು. ಆಮೇಲೆ ಅವರ ಕತೆ ಬಂತು. ಗಂಡುಮಗು, ಒಂದು ದಿನ ಬದುಕಿತ್ತು. ಕಡಲು ಎದ್ದಿದ್ದರಿಂದ ಪಾದ್ರಿ ಬರಲಿಲ್ಲ. ಬೆಳಕು ಹರಿಯುವ ಮುಂಚೆ ಮೀನಿನ ಪೆಟ್ಟಿಗೆಯಲ್ಲಿಟ್ಟು ತಾವೊಬ್ಬರೇ ಹೊತ್ತು ಹೋದರು. ತಾಯಂದಿರಿಗೆ ಕಲ್ಲು ತೋರಿಸಬಾರದು, ತೋರಿಸಿದರೆ ಅಲ್ಲೇ ಹೋಗಿ ಕೂರುತ್ತಾರೆ ಎಂದು ಹಿರಿಯರ ಮಾತು.

“ನೋರಾ ಕೇಳಲಿಲ್ಲವಾ?”

“ಐವತ್ತು ವರ್ಷ ಕೇಳಿದಳು. ಹಡಗಿನಲ್ಲಿ ಕೇಳಿದಳು, ಇಲ್ಲಿ ಕೇಳಿದಳು. ಈಗ ಅದರಿಂದ ಏನು ಎನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಕೊನೆಯ ದಿನವೂ ಕೇಳಿದಳು. ಆಗ ಹೇಳೋಣವೆಂದರೆ ನನಗೇ ಅರ್ಧ ಮರೆತಿತ್ತು.” ನನ್ನ ಮಣಿಕಟ್ಟು ಹಿಡಿದುಕೊಂಡರು. “ಬರೆ. ಅದೊಂದನ್ನು ಬರೆದುಬಿಡು.”

ನಕ್ಷೆ ಬೇಕಾಗಿದ್ದದ್ದೇ ಅದಕ್ಕೆ ಎಂದು ಆಗ ತಿಳಿಯಿತು. ಇಡೀ ದ್ವೀಪವನ್ನು ಸುತ್ತಿದ್ದು ಆ ಒಂದು ಕಲ್ಲಿಗೆ ಹೋಗಲಾರದೆ.

ಕಡಲಲ್ಲಿ ಬಲೆ ಬೀಸುವ ಜಾಗವನ್ನು ಗುರುತಿಡುವ ಹಾಗೆ ಆ ಕಲ್ಲಿಗೂ ಗುರುತು ಇಟ್ಟಿದ್ದರು. ದೂರದ ಎರಡು ವಸ್ತು ಒಂದರ ಹಿಂದೊಂದು ಬರುವ ಹಾಗೆ ನಿಂತರೆ ಒಂದು ಗೆರೆ. ಬೇರೆ ಎರಡರಿಂದ ಇನ್ನೊಂದು ಗೆರೆ. ಗೆರೆಗಳು ಕೂಡುವಲ್ಲಿ ಮಗು. ಮೊದಲ ಗೆರೆ ತಡವರಿಸದೆ ಹೇಳಿದರು: ದೋಣಿ ಇಡುವ ಕೊಟ್ಟಿಗೆಯ ಗೋಡೆಯಂಚಿನ ಹಿಂದೆ ಕಡಲೊಳಗಿನ ಬಂಡೆಯ ತುದಿ. ಎರಡನೆಯದಕ್ಕೆ ಬಾಯಿ ತೆರೆದರು. “ಬಾವಿಯ ದೊಡ್ಡ ಕಲ್ಲು… ಅದರ ಹಿಂದೆ…” ಅಷ್ಟೇ. ಮುಂದಿನದು ಇರಲಿಲ್ಲ.

ಜುಲೈ ಪೂರ್ತಿ, ಆಗಸ್ಟಿನ ಅರ್ಧ ಆ ಗೆರೆಯ ಹಿಂದೆ ಬಿದ್ದೆವು. ಹೊರಗೆ ಮೆಲ್ಬರ್ನಿನ ಸಣ್ಣ ಮಳೆ. ಪ್ರತಿದಿನ ಪ್ರದಕ್ಷಿಣೆ, ದಿನದಿನಕ್ಕೆ ಹೊಲಗಳು ಉದುರತೊಡಗಿದವು. ವಿಧವೆಯ ಹೊಲ ಹೋಯಿತು, ಶಾಲೆ ಹೋಯಿತು. ನಾನು ನಕ್ಷೆಯಿಂದ ಓದಿ ಅವರಿಗೇ ಹೇಳಿಕೊಡುತ್ತಿದ್ದೆ. ಹಿತ್ತಾಳೆ ತಟ್ಟೆಯಲ್ಲಿ ಟರ್ಫ್ ಸುಟ್ಟೆ, ದೇವರಿಗೆ ಹರಕೆ ಹೊತ್ತೆ. ಕೊನೆಯ ಸಲ ಅವರ ಬೆರಳು ಹಿಡಿದು ನಕ್ಷೆಯ ಸುತ್ತ ನಡೆಸಿದೆ. ಕೋಳಿ ಹೊಲ ದಾಟಿ ಬೆರಳು ಆ ಗೆರೆಯ ಮೇಲೆ ನಿಂತಿತು. ಮೇಲೆ ಸರಿಯಿತು, ಕೆಳಗೆ ಸರಿಯಿತು. “ಇಲ್ಲಿ. ಇಲ್ಲ, ಇಲ್ಲಿ. ಅವಳು ಕೇಳಿದಾಗಲೇ ಹೇಳಿಬಿಡಬೇಕಿತ್ತು,” ಎಂದರು. ಮುದುಕರು ಅಳುವುದನ್ನು ನೋಡಿದ್ದೆ. ಹೀಗೆ ಬಾಯಿ ತೆರೆದು ಅತ್ತದ್ದನ್ನು ನೋಡಿರಲಿಲ್ಲ. ಮುಂದಿನ ಮಂಗಳವಾರ ನಾನು ಹೋಗುವಾಗ ಏಳನೇ ರೂಮಿನ ಹಾಸಿಗೆಯ ಹೊದಿಕೆ ತೆಗೆದಾಗಿತ್ತು. ಹಿಲ್ಡಾ ಆಂಟಿ ಬಿಸ್ಕತ್ತಿನ ಡಬ್ಬಿಯನ್ನೂ ನಕ್ಷೆಯನ್ನೂ ನನಗೆಂದು ತೆಗೆದಿಟ್ಟಿದ್ದರು. ನಕ್ಷೆಯಲ್ಲಿ ಒಂದು ಗೆರೆ ಇತ್ತು, ಬಿಂದು ಇರಲಿಲ್ಲ.

ಅಂದು ನಾನು ಅರ್ಧ ದಿನಕ್ಕೇ ಮನೆಗೆ ಬಂದೆ. ಶ್ರೀಧರ್ ಎಂದಿನಂತೆ ಆರಿದ ಟಿವಿಯ ಮುಂದೆ ಕೂತಿದ್ದರು. ನಾನು ಅವರ ಮತ್ತು ಟಿವಿಯ ನಡುವೆ ನಿಂತೆ.

“ರೀ, ಆವತ್ತು ಸಹಿ ಹಾಕಿದ್ರಲ್ಲ, ಆ ಕಾಗದ ಎಲ್ಲಿದೆ?”

“ಯಾವ ಕಾಗದ?”

“ಗೊತ್ತಿಲ್ದೋರ ಹಾಗೆ ಆಡ್ಬೇಡಿ.”

“ಬಿಡು ಸುಮಿತ್ರಾ. ಈಗ ತಗೊಂಡು ಏನ್ ಮಾಡ್ತೀಯ?”

“ಐವತ್ತು ವರ್ಷ ನಾನು ಕೇಳಲ್ಲ. ಇವತ್ತೇ ಕೇಳೋದು. ನಾಳೆ ನಾನು ಇರ್ತೀನೋ ಇಲ್ವೋ, ನಂಗೇ ಗೊತ್ತಿಲ್ಲ.”

ಆ ಕೊನೆಯ ಮಾತು ಬೆದರಿಕೆಯಾಗಿರಲಿಲ್ಲ, ನಿಜವಾಗಿತ್ತು. ಅವರಿಗೆ ಅದು ತಿಳಿಯಿತು. ಎದ್ದು ಹೋಗಿ ನೀಲಿ ಫೈಲು ತಂದರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಬಿ.ಇ. ಡಿಗ್ರಿ, ಎಲ್ಲಕ್ಕಿಂತ ಕೊನೆಯಲ್ಲಿ ನಾಲ್ಕಾಗಿ ಮಡಿಸಿದ ಆ ಕಾಗದದ ಪ್ರತಿ. ಪ್ರತಿ ಇಂಟರ್‌ವ್ಯೂಗೂ ಅವರು ಅದನ್ನು ಬಗಲಲ್ಲಿ ಹೊತ್ತು ಹೋಗಿದ್ದರು. ಯಾರಾದರೂ ಕೆಲಸ ಹೇಗೆ ಕೊಟ್ಟಾರು, ಆ ಮುಖ ಇಟ್ಟುಕೊಂಡು ಹೋದರೆ?

ಅದರಲ್ಲಿದ್ದ ಫೋನ್ ನಂಬರಿಗೆ ಮಾಡಿದರೆ ಐದೇ ನಿಮಿಷದಲ್ಲಿ ಉತ್ತರ ಸಿಕ್ಕಿತು. ಕೇಳಿದ್ದರೆ ಏಪ್ರಿಲ್‌ನಲ್ಲೇ ಸಿಗುತ್ತಿತ್ತು.

ನೀಲಿ ಫೈಲು ಹಿಡಿದು ಎರಡು ಬಸ್ ಬದಲಾಯಿಸಿ ಹೋದೆವು. ಸ್ಮಶಾನದ ಆಫೀಸಿನವರು ದಪ್ಪ ಪುಸ್ತಕ ತೆಗೆದು ನೋಡಿ, ಜೊತೆಯಲ್ಲೇ ಬಂದು, ಟೇಪ್ ಹಿಡಿದು ಅಳೆದು ಒಂದು ಜಾಗ ತೋರಿಸಿದರು. ಮಕ್ಕಳಿಗೆಂದು ಬಿಟ್ಟ ಹುಲ್ಲುಹಾಸು. ಸಾಲಿನ ತುದಿಗೆ ಒಂದು ಸಿಮೆಂಟಿನ ಗೂಟ ಬಿಟ್ಟರೆ ಯಾವ ಗುರುತೂ ಇಲ್ಲ. ಬೇಲಿಯ ಆಚೆ ವಾಟಲ್ ಮರ ಹಳದಿ ಹೂ ಬಿಟ್ಟಿತ್ತು. ಶ್ರೀಧರ್ ಮೊಣಕಾಲೂರಿ ಒದ್ದೆ ಹುಲ್ಲಿನ ಮೇಲೆ ಎರಡೂ ಅಂಗೈ ಇಟ್ಟರು. ಅಷ್ಟು ತಿಂಗಳ ಮೌನ ಅಲ್ಲಿ ಒಡೆಯಿತು. ನಾನು ಸಮಾಧಾನ ಮಾಡಲಿಲ್ಲ; ಪಕ್ಕದಲ್ಲಿ ಕೂತೆ.

ಆಮೇಲೆ ಚೀಲದಿಂದ ಕಾಗದ, ಪೆನ್ಸಿಲ್ ತೆಗೆದೆ. ಕೋಲ್ಮನ್ನರ ಲೆಕ್ಕದಲ್ಲಿ ಗುರುತು ಹಿಡಿದೆ: ನೀರಿನ ಟ್ಯಾಂಕಿನ ಹಿಂದೆ ಇಗರ್ಜಿಯ ಗೋಪುರ, ಒಂದು ಗೆರೆ. ಆಫೀಸಿನ ಸೂರಿನ ಮೂಲೆಯ ಹಿಂದೆ ದೊಡ್ಡ ಪೈನ್ ಮರ, ಎರಡನೆಯದು. ಮುಗಿಯಿತೆಂದು ಪೆನ್ಸಿಲ್ ಎತ್ತಿದಾಗ ಶ್ರೀಧರ್ ಕಣ್ಣೊರೆಸಿಕೊಂಡು ಎದ್ದು ನಿಂತರು.

“ಎರಡು ಸಾಲದು. ಮೂರನೇದೂ ತಗೊ. ಒಂದು ಮರೆತ್ರೂ ಎರಡು ಇರ್ಬೇಕು.”

ಇಂಜಿನಿಯರಾಗಿ ಅವರು ಆ ವರ್ಷ ಮಾಡಿದ ಮೊದಲ ಕೆಲಸ ಅದು. ತಾವೇ ಹಿಂದೆ ಮುಂದೆ ನಡೆದು ಮೂರನೇ ಗೆರೆ ಹುಡುಕಿದರು.

ಕೆಳಗೆ ಚೆಕ್ಕುಬಂದಿ ಬರೆದೆ. ಪೂರ್ವಕ್ಕೆ ಹೆಸರಿಲ್ಲದ ಕೂಸು. ಪಶ್ಚಿಮಕ್ಕೆ ಹೆಸರಿಲ್ಲದ ಕೂಸು. ದಕ್ಷಿಣಕ್ಕೆ ಹೆಸರಿಲ್ಲದ ಕೂಸು. ಉತ್ತರಕ್ಕೆ ಕಾಲುದಾರಿ. ಅದರ ಮೇಲೆ, ಕೈ ರೂಢಿಯಿಂದ, ಪಹಣಿಯಲ್ಲಿರುವ ಹಾಗೆ ‘ಸ್ವಾಧೀನದಾರರ ಹೆಸರು’ ಎಂದು ಬರೆದುಬಿಟ್ಟಿದ್ದೆ. ಅದರ ಮುಂದೆ ಏನು ಬರೆಯುವುದು? ಹೆಸರಿಡಬೇಡಿ ಎಂದಿದ್ದರಲ್ಲ. ನಾಲ್ಕು ಕಡೆಯೂ ತುಂಬಿತ್ತು, ನಡುವೆ ಖಾಲಿ.

ಶ್ರೀಧರ್ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡರು. ಒದ್ದೆಯಾಗದಂತೆ ಕಾಗದವನ್ನು ನೀಲಿ ಫೈಲಿನ ಮೇಲಿಟ್ಟು, ಒಂದು ಕ್ಷಣವೂ ಯೋಚಿಸದೆ ಬರೆದರು: ತುಂಗಾ. ಆ ಹೆಸರನ್ನು ಅವರು ಯಾವಾಗ ಇಟ್ಟಿದ್ದರೋ, ಎಷ್ಟು ತಿಂಗಳಿಂದ ಒಬ್ಬರೇ ಒಳಗೊಳಗೇ ಕರೆಯುತ್ತಿದ್ದರೋ, ನನಗೆ ಗೊತ್ತಿರಲಿಲ್ಲ. ನನ್ನ ಮಗಳ ಹೆಸರನ್ನು ನಾನು ಮೊದಲ ಸಲ ಓದಿದ್ದು ಅಲ್ಲಿ ನಿಂತು.